ಶ್ರಾವಣ ಸೋಮವಾರದ ಹೊಗೆಮೀನು

ಇದ್ದಿಲು ಪೂರ್ತಿ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ನೋಡಿದರೆ ಸಾಲದು, ಕೇಳಬೇಕು. ಎರಡು ತುಂಡು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಾಗಿಸಬೇಕು. ಕಂಚಿನ ಬಟ್ಟಲಿಗೆ ಉಗುರು ತಗುಲಿದ ಹಾಗೆ ಟಣ್ ಎಂದರೆ ಬೆಂದಿದೆ. ಬೆರಣಿಗೆ ಬೆರಣಿ ಬಡಿದಂತೆ ಡಬ್ ಎಂದರೆ ಒಳಗಿನ್ನೂ ಕಟ್ಟಿಗೆಯೇ ಇದೆ ಎಂದು ಅರ್ಥ. ಇದನ್ನು ನನಗೆ ಕಲಿಸಿದವನು ಕುರುಗೋಡಿನ ಹೊರಗೆ ಬಳ್ಳಾರಿ ಜಾಲಿ ಕಡಿದು ಇದ್ದಿಲು ಸುಡುತ್ತಿದ್ದ ಒಬ್ಬ ಮುದುಕ.

"ಕೇಳಿಸ್ತೇನ್ರಿ ಸಾಹೇಬ್ರ? ಇದು ಮಾತಾಡತೈತಿ. ಇದು ನೋಡ್ರಿ, ಮೂಗಬಸವ," ಎಂದು ಆತ ಎರಡನ್ನೂ ಬಡಿದು ತೋರಿಸಿದ್ದ. "ಮೂಗಬಸವನ್ನ ಒಯ್ದ್ರ ನಿಮ್ಮ ಮೀನೆಲ್ಲ ಕೆಮ್ಮತಾವು."

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಸಿರುಗುಪ್ಪದ ಹೊಳೆದಂಡೆಯಲ್ಲಿದ್ದ ಮೀನುಗಾರರ ಕೇರಿಯೊಂದರಲ್ಲಿ, ಮೀನಿಗೆ ಹೊಗೆ ಕೊಡುವ ಡ್ರಮ್ಮು ನಿಲ್ಲಿಸಿ, ಅದನ್ನು ಬಳಸುವ ರೀತಿ ತೋರಿಸಿಕೊಡಬೇಕೆಂದು ಬಳ್ಳಾರಿಯ ನಮ್ಮ ಕಚೇರಿ ನನ್ನನ್ನು ಕಳಿಸಿತ್ತು. ಬೇಸಿಗೆಯಲ್ಲಿ ಆ ಕೇರಿಯವರು ಮೀನನ್ನು ಉಪ್ಪು ಸವರಿ ಮರಳ ಮೇಲೆ ಒಣಹಾಕುತ್ತಿದ್ದರು. ಶ್ರಾವಣದಲ್ಲಿ ಹೊಳೆ ತುಂಬಿ ಬಲೆ ಹರಿಯುವಷ್ಟು ಮೀನು ಬಿದ್ದಾಗ ಬಿಸಿಲೇ ಇರುತ್ತಿರಲಿಲ್ಲ. ಹಸಿಯಾಗಿ ಮಾರಿ ಉಳಿದದ್ದಕ್ಕೆ ಎರಡೇ ದಿನಕ್ಕೆ ಹುಳ ಬೀಳುತ್ತಿತ್ತು. ಬುಟ್ಟಿಗಟ್ಟಲೆ ಮೀನನ್ನು ತಿರುಗಿ ಹೊಳೆಗೇ ಸುರಿಯುವುದನ್ನು ನಾನೇ ನೋಡಿದ್ದೇನೆ. ಸುರಿಯುವಾಗ ಹೆಂಗಸರು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು.

ಕೇರಿಯಲ್ಲಿ ಒಬ್ಬ ಅಜ್ಜಿ ಮಾತ್ರ ಮಳೆಗಾಲದಲ್ಲೂ ಮೀನು ಉಳಿಸಿಕೊಳ್ಳುತ್ತಿದ್ದಳು. ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ, ಮೇಲೊಂದು ಬಿದಿರಿನ ತಡಿಕೆ. ಆಲೆಮನೆಯಿಂದ ಹೊತ್ತು ತಂದ ಕಬ್ಬಿನ ಒಣ ಸಿಪ್ಪೆಯ ಹೊಗೆಯಲ್ಲಿ ವಾರಕ್ಕೊಂದು ಬುಟ್ಟಿ ಮೀನು ಮಾಗಿಸುತ್ತಿದ್ದಳು. ಆ ಬುಟ್ಟಿ ಬಸ್ಸಿನ ಮೇಲೆ ಬಳ್ಳಾರಿಗೆ, ಗಾಂಧಿನಗರದ ಹತ್ತಿರದ ಒಂದು ಮಿಲಿಟರಿ ಹೋಟೆಲಿಗೆ ಹೋಗುತ್ತಿತ್ತು. ಅದಿರು ಲಾರಿಗಳ ಡ್ರೈವರುಗಳು ಅದಕ್ಕೆಂದೇ ಅಲ್ಲಿ ಲಾರಿ ನಿಲ್ಲಿಸುತ್ತಿದ್ದರಂತೆ.

ಅಜ್ಜಿಯದೊಂದು ಕಟ್ಟುಪಾಡು ಇತ್ತು. ಮೀನು ಒಲೆಯಿಂದ ಇಳಿದ ಮೇಲೆ ಬಾಲದ ಹತ್ತಿರದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿಯುವಳು. ನುಂಗಿ "ಹೂಂ" ಎಂದ ಮೇಲೆಯೇ ಮೀನು ಬುಟ್ಟಿಗೆ. ಬುಟ್ಟಿ ತುಂಬಿದ ಮೇಲೆ ಹಳೆ ಸೀರೆಯಿಂದ ಹರಿದ ಒಂದು ಕೆಂಪು ಅರಿವೆಯ ಚೂರನ್ನು ಅದರ ಹಿಡಿಗೆ ಕಟ್ಟುವಳು. ಹೋಟೆಲಿನ ಮಾಲೀಕ ಆ ಅರಿವೆ ನೋಡಿದರೆ ಮುಗಿಯಿತು, ಮೂಸಿಯೂ ನೋಡದೆ ಒಳಗೆ ಕಳಿಸುತ್ತಿದ್ದ. ಬುಟ್ಟಿ ವಾಪಸ್ಸು ಬರುವಾಗ ಅದರೊಳಗೆ ಅಜ್ಜಿಗೆಂದು ಒಂದು ಕಟ್ಟು ವೀಳ್ಯದೆಲೆ ಇರುತ್ತಿತ್ತು.

ನಾನು ಹುಟ್ಟಿದ್ದು ರೂಪನಗುಡಿಯ ಶಿವಭಕ್ತರ ಮನೆಯಲ್ಲಿ. ಮೀನು ತಿನ್ನುವುದಿರಲಿ, ಮೀನು ಮಾರುವ ಓಣಿಯಲ್ಲಿ ನಮ್ಮವರು ಹಾದುಹೋಗುತ್ತಲೂ ಇರಲಿಲ್ಲ. ನೌಕರಿ ಮಾತ್ರ ಮೀನಿನದೇ ಸಿಕ್ಕಿತು. ಸೀಳುವುದು, ಕರುಳು ತೆಗೆಯುವುದು, ಹಸಿ ಮೊಟ್ಟೆ ತೇಲುವಷ್ಟು ಉಪ್ಪುನೀರು ಹದ ಮಾಡುವುದು, ಎಲ್ಲ ಕಲಿತೆ. ಬಾಯಿಗೆ ಮಾತ್ರ ಹಾಕಲಿಲ್ಲ. ಅಜ್ಜಿಗೆ ಇದು ಗೊತ್ತಾದ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಲ್ಲಪಾ, ಈಜು ಬರದವನ ಕೈಯಾಗ ಹುಟ್ಟು ಕೊಟ್ಟಂಗಾತಲ್ಲ! ಮೀನ ತಿನ್ನದವ ಮೀನಿನ ಸಾಹೇಬ!"

"ತಿನ್ನೂದು ನಿಮ್ಮ ಕೆಲಸ ಯಮ್ಮಾ. ಹೊಗಿ ಕೊಡೂದು ನಂದು."

"ಹೊಗಿ ಕಣ್ಣಿಗಿ ಕಾಣಸ್ತೈತಿ. ರುಚಿ ಕಾಣಸ್ತೈತೇನು?"

 ನಾನು ನಕ್ಕು ಉಪ್ಪುನೀರಿನ ಕಡೆ ತಿರುಗಿದೆ.

ಡ್ರಮ್ಮನ್ನು ಬಳ್ಳಾರಿಯ ಒಬ್ಬ ಮಿಸ್ತ್ರಿಯಿಂದ ಮಾಡಿಸಿ ತಂದಿದ್ದೆ. ತಳದಲ್ಲಿ ಗಾಳಿಗೂ ಕೆಂಡಕ್ಕೂ ಒಂದು ಬಾಗಿಲು, ನಡುವೆ ತೂತು ಹೊಡೆದ ತಗಡು, ಮೇಲೆ ಮೀನು ತೂಗುಹಾಕಲು ಕಬ್ಬಿಣದ ಸಲಾಕೆಗಳು, ಬಾಯಿಗೆ ಒದ್ದೆ ಗೋಣಿತಟ್ಟು. "ಖಸಂ ಸೇ ಸಾಬ್, ಅಡುಗಿ ಎಣ್ಣೀ ಡ್ರಮ್ಮು," ಎಂದು ಆಣೆಯಿಟ್ಟಿದ್ದ ಮಿಸ್ತ್ರಿ. ಒಳಗೆ ಕೈಯಾಡಿಸಿದರೆ ಬೆರಳಿಗೆ ಡಾಂಬರು ಹತ್ತಿತು. ಮೂರು ದಿನ ಅದರೊಳಗೆ ಜಾಲಿಮುಳ್ಳು ತುಂಬಿ ಸುಟ್ಟು, ಮರಳು ಹಾಕಿ ತಿಕ್ಕಿದೆ. ಒಳಮೈ ಬೂದಿಬಣ್ಣಕ್ಕೆ ಬಂದು ವಾಸನೆ ಹೋಗುವವರೆಗೂ ಕೇರಿಯ ಹುಡುಗರು ನನ್ನನ್ನು ಡಾಂಬರ್ ಸಾಹೇಬ ಎಂದೇ ಕರೆಯುತ್ತಿದ್ದರು.

ಮೊದಲ ಸಲ ಕೆಂಡ ಹೆಚ್ಚಾಯಿತು. ಅರ್ಧ ಗಂಟೆಗೆಲ್ಲ ಮೀನು ಬೆಂದು ಮೆತ್ತಗಾಗಿ, ಕೊಕ್ಕೆಯಿಂದ ಕಳಚಿ ಒಂದೊಂದೇ ತಗಡಿನ ಮೇಲೆ ಬಿದ್ದವು. "ಹೊಗಿ ಕೊಡತೀನಿ ಅಂದು ಸಾರು ಮಾಡಾಕ ನಿಂತಿಯಲ್ಲೋ ಯಪ್ಪಾ," ಎಂದಳು ಅಜ್ಜಿ. ಇದ್ದಿಲನ್ನು ಡ್ರಮ್ಮಿನೊಳಗೆ ಹೊತ್ತಿಸಬಾರದೆಂದು ಅವತ್ತು ತಿಳಿಯಿತು. ತಳಕ್ಕೆ ತೂತಿರುವ ಡಬ್ಬಿಯಲ್ಲಿ ಹೊರಗೇ ಹೊತ್ತಿಸಬೇಕು. ಉರಿ ಇಳಿದು, ಕೆಂಡದ ಮೇಲೆ ತೆಳ್ಳಗೆ ಬೂದಿ ಕೂತ ಮೇಲೆ ಎರಡು ಬೊಗಸೆಯಷ್ಟನ್ನು ಮಾತ್ರ ಒಳಗೆ ಸುರಿಯಬೇಕು. ಸಲಾಕೆಯ ಮಟ್ಟದಲ್ಲಿ ಅಂಗೈ ಹಿಡಿದು ಹತ್ತು ಎಣಿಸುವವರೆಗೆ ತಾಳುವಂತಿದ್ದರೆ ಕಾವು ಸರಿ. ಉಪ್ಪುನೀರಿನಿಂದ ತೆಗೆದ ಮೀನನ್ನು ಗಾಳಿಗೆ ಹಿಡಿದು, ತೊಗಲು ಬೆರಳಿಗೆ ಅಂಟುವಷ್ಟು ಆರಿದ ಮೇಲೆಯೇ ಹೊಗೆಗೆ ಹಾಕಬೇಕು. ಹಸಿಮೈಗೆ ಹೊಗೆ ಹಿಡಿಯುವುದಿಲ್ಲ, ಮಸಿ ಹಿಡಿಯುತ್ತದೆ.

ಎರಡನೆಯ ಸಲ ಮಸಿಯೇ ಹಿಡಿಯಿತು. ಸಿರುಗುಪ್ಪದ ಪೇಟೆಯಲ್ಲಿ ಕೊಂಡ ಇದ್ದಿಲು ಅರೆಬೆಂದದ್ದು. ಕಣ್ಣು ಉರಿಸುವ ಹೊಗೆ ಎದ್ದು ಮೀನೆಲ್ಲ ಕಪ್ಪಾದವು. ಅದಾದ ಮೇಲೆಯೇ ನಾನು ಕುರುಗೋಡಿನ ಮುದುಕನನ್ನು ಹುಡುಕಿಕೊಂಡು ಹೋದದ್ದು. ಒಂದೊಂದೇ ತುಂಡು ಬಡಿದು, ಮಾತಾಡುವ ಇದ್ದಿಲನ್ನಷ್ಟೇ ಆರಿಸಿ ಎರಡು ಚೀಲ ತಂದೆ. ಹೊಗೆಗೆ ಅಜ್ಜಿಯ ಕಬ್ಬಿನ ಸಿಪ್ಪೆಯನ್ನೇ ತುಸು ನೀರು ಚಿಮುಕಿಸಿ ಕೆಂಡದ ಮೇಲೆ ಹಾಕಿದೆ.

ಮೂರನೆಯ ಸಲ ಡ್ರಮ್ಮಿನ ತಟ್ಟು ತೆಗೆದಾಗ ಕೇರಿಯ ಅರ್ಧ ಜನ ಸುತ್ತ ನಿಂತಿದ್ದರು. ಮೀನು ಕೇದಗೆಯ ಬಣ್ಣಕ್ಕೆ ತಿರುಗಿದ್ದವು. ಅಜ್ಜಿ ಬಾಲದ ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಆಕೆಯ ದವಡೆ ಆಡುವುದನ್ನೇ ನೋಡುತ್ತ ನಿಂತೆ. ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಕಾದಿರಲಿಲ್ಲ.

"ಹೂಂ," ಎಂದಳು. ಆಮೇಲೆ, "ನನ್ನ ಒಲಿಗಿಂತ ಒಂದ್ ಗುಲಗಂಜಿ ಕಮ್ಮಿ. ಆದ್ರ ನನ್ನ ಒಲ್ಯಾಗ ಇಷ್ಟೊಂದು ಹಿಡಿಯಂಗಿಲ್ಲ."

ಕೆಂಪು ಅರಿವೆ ಕಟ್ಟಿದ ಬುಟ್ಟಿ ಬಳ್ಳಾರಿಗೆ ಹೋಗಿ, ಎಲೆಯ ಕಟ್ಟಿನೊಂದಿಗೆ ವಾಪಸ್ಸು ಬಂತು. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಾಲೀಕ ಮಾತನ್ನೂ ಕಳಿಸಿದ್ದ. ಹೊಳೆ ಬಂದಾಗ ಒಮ್ಮೆ ದೊಡ್ಡದಾಗಿ ಮಾಡಿ ಕಳಿಸಿ, ಅದೂ ಹೀಗೇ ಇದ್ದರೆ ಮಳೆಗಾಲ ಮುಗಿಯುವವರೆಗೆ ಕೇರಿಯ ಹೊಗೆಮೀನೆಲ್ಲ ನನ್ನ ಹೋಟೆಲಿಗೇ ಇರಲಿ, ಎಂದು. ಅಂದರೆ ಹೊಳೆಗೆ ಸುರಿಯುವುದು ನಿಲ್ಲುತ್ತದೆ. ಆ ಸಂಜೆ ಹೆಂಗಸರು ಡ್ರಮ್ಮಿಗೆ ಅರಿಶಿನ ಕುಂಕುಮ ಹಚ್ಚಿದರು.

ಶ್ರಾವಣದಲ್ಲಿ ಹೊಳೆ ಬಂತು. ನಮ್ಮ ಮೇಲಧಿಕಾರಿಗಳು ಸೋಮವಾರ ಮಧ್ಯಾಹ್ನ ಬಂದು ನೋಡುವುದಾಗಿ ಹೇಳಿಕಳಿಸಿದರು. ಭಾನುವಾರ ಬೆಳಗ್ಗೆ ಬಲೆಗೆ ಬಿದ್ದ ಕಾಟ್ಲಾ, ಗೆಂಡೆ, ಬಾಳೆಮೀನುಗಳನ್ನು ಸೀಳಿ ಉಪ್ಪುನೀರಿಗೆ ಹಾಕಿಸಿದೆ. ಇನ್ನೇನು ಕೆಲಸವಿಲ್ಲವೆಂದು ಮಧ್ಯಾಹ್ನದ ಬಸ್ಸು ಹತ್ತಿ ಊರಿಗೆ ಹೊರಟೆ, ಅವ್ವನ ಕೈಯ ಹೋಳಿಗೆ ತಿನ್ನಲು. ಇದ್ದಿಲಿನ ಚೀಲಗಳು ಡ್ರಮ್ಮಿನ ಪಕ್ಕದಲ್ಲಿ, ಬೇವಿನ ಮರದ ಕೆಳಗೆ ಇದ್ದವು. ಯಾರದಾದರೂ ಗುಡಿಸಲಿನೊಳಗೆ ಇಡಿಸಬಹುದಿತ್ತು. ಮೇಲೊಂದು ತಟ್ಟು ಹೊದಿಸಿ ಹೋದೆ.

ಆ ಸಂಜೆ ಮಳೆ ಸುರಿಯಿತು. ಸೋಮವಾರ ಮೊದಲ ಬಸ್ಸಿಗೆ ಬಂದು ನೋಡಿದರೆ ಚೀಲಗಳ ತಳದಲ್ಲಿ ನೀರು ನಿಂತಿದೆ. ಇದ್ದಿಲು ನೀರು ಕುಡಿಯುವುದರಲ್ಲಿ ಅರಿವೆಗಿಂತ ಮುಂದು. ತುಂಡು ತುಂಡು ತೆಗೆದು ಕಿವಿಗೆ ಹಿಡಿದೆ. ಎಲ್ಲವೂ ಮೂಗಬಸವ. ಅಜ್ಜಿಯ ಹಿತ್ತಲಿನ ಕಬ್ಬಿನ ಸಿಪ್ಪೆಯ ರಾಶಿಯೂ ಕೆಸರಾಗಿತ್ತು.

"ನಾಳೆ ಮಾಡೂಣು ಬಿಡು," ಎಂದಳು ಅಜ್ಜಿ. ಮಡಿಯಲ್ಲಿದ್ದಳು, ಹಣೆಗೆ ವಿಭೂತಿ. ಶ್ರಾವಣ ಸೋಮವಾರ ಕೇರಿಯಲ್ಲಿ ಮೀನು ಹಿಡಿಯುವರು, ಮಾರುವರು, ಬಾಯಿಗೆ ಮಾತ್ರ ಯಾರೂ ಹಾಕರು. "ಇದ್ದಲಿ ಹಂಚಿನ ಮ್ಯಾಲೆ ಹರವಿ ಒಣಗಸ್ತೀನಿ. ನಾಳೆ ಮಂಗಳವಾರ, ನಾನೂ ರುಚಿ ನೋಡತೀನಿ."

"ಮೀನು ಕೆಟ್ಟು ಹೋಗತಾವಲ್ಲ ಯಮ್ಮಾ."

"ಉಪ್ಪಿನಾಗ ಅದಾವ. ಒಂದ್ ದಿನಕ್ಕ ಏನ್ ಸಾಯತಾವು? ಆಗಲೇ ಸತ್ತಾವು."

ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಸಾಹೇಬರು ಜೀಪಿನಿಂದ ಇಳಿದಾಗ ಡ್ರಮ್ಮು ತಣ್ಣಗಿರುತ್ತದೆ, ಇದ್ದಿಲು ನೆನೆದದ್ದು ಯಾಕೆ ಎಂದು ಕೇಳುತ್ತಾರೆ, ಊರಿಗೆ ಹೋಗಿದ್ದೆನೆಂದು ಹೇಳಬೇಕಾಗುತ್ತದೆ. ತಲೆಯಲ್ಲಿ ಇದ್ದದ್ದು ಇಷ್ಟೇ.

ಯಾರದೋ ಸೈಕಲ್ಲು ತೆಗೆದುಕೊಂಡು ಕರೂರಿನ ರಸ್ತೆ ಹಿಡಿದೆ. ಕಾಲುವೆ ನೀರು ಹತ್ತದ ಎರೆಹೊಲದ ದಂಡೆಗೆ, ತಗಡಿನ ಚಪ್ಪರದ ಕೆಳಗೆ ಹೋದ ವರ್ಷದ ಹತ್ತಿಕಟ್ಟಿಗೆ ಒಟ್ಟಿದ್ದು ಕಂಡಿತು. ಗರಿಗರಿ ಒಣಗಿತ್ತು. ಹೊಲದ ಯಜಮಾನ ಬೇಕಾದಷ್ಟು ಒಯ್ಯಿರಿ ಎಂದ.

"ಹತ್ತೀನೇ ಕೈಗಿ ಬರಲಿಲ್ಲ, ಕಟ್ಟಿಗ್ಯಾರ ಯಾರಿಗಾರ ಬರಲಿ. ಏನ್ ಹುಳ ರಿ ಹೋದ ವರ್ಷ! ಎಂಟು ಸಲ ಎಣ್ಣಿ ಹೊಡದೀನಿ, ಕಡೀಕ ಎಲಿ ಉದುರೂತನಾನೂ ಹೊಡದೀನಿ."

ಎಣ್ಣೆ ಎಂದರೆ ಹುಳಕ್ಕೆ ಹೊಡೆಯುವ ವಿಷದ ಔಷಧ. ಎರೆಸೀಮೆಯ ಪ್ರತಿ ಮಗುವಿಗೂ ಗೊತ್ತು. ನಾನೂ ಕೇಳಿಸಿಕೊಂಡೆ, ಪಾಪ ಎಂದು ತಲೆಯಾಡಿಸಿದೆ, ಹೊರೆ ಕಟ್ಟಿದೆ. ಕುರುಗೋಡಿನಲ್ಲಿ ಇದ್ದಿಲಿನ ತುಂಡು ತುಂಡನ್ನೂ ಕಿವಿಗೆ ಹಿಡಿದವನು ಅವತ್ತು ಮನುಷ್ಯನೊಬ್ಬ ಎದುರು ನಿಂತು ಹೇಳಿದ್ದನ್ನು ಕೇಳಲಿಲ್ಲ.

ಅಜ್ಜಿ ಒಂದು ಕಡ್ಡಿ ಮುರಿದು ಮೂಸಿ ನೋಡಿದಳು. "ಇದರಾಗ ನಾ ಎಂದೂ ಮಾಡಿಲ್ಲಪಾ," ಎಂದಳು. ಬೇಡ ಎನ್ನಲಿಲ್ಲ. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಕಟ್ಟಿಗೆಯನ್ನು ಹೊರಗೆ ಉರಿಸಿ ಕೆಂಡ ಮಾಡಿದೆ. ಹೊಗೆಗೆ ಮತ್ತೆ ಅದರದೇ ಕಡ್ಡಿಗಳನ್ನು ಹಾಕಿದೆ. ತೊಗಲು ಆರಿಸಿದೆ, ಅಂಗೈ ಹಿಡಿದು ಎಣಿಸಿದೆ, ಗಾಳಿಯ ಬಾಗಿಲನ್ನು ಎರಡು ಬೆರಳು ತೆರೆದು ಬಿಟ್ಟೆ. ಎಲ್ಲವನ್ನೂ ಕ್ರಮಪ್ರಕಾರ ಮಾಡಿದೆ. ನಾಲ್ಕು ತಾಸಿಗೆ ತಟ್ಟು ತೆಗೆದರೆ ಎಂದೂ ಬರದ ಬಣ್ಣ ಬಂದಿತ್ತು. ಹೊಸ ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತಿದ್ದವು.

ಸಾಹೇಬರು ಬಂದರು. ಅವರದು ವೈಷ್ಣವರ ಮನೆತನ. ಮೂಗಿಗೆ ಕರವಸ್ತ್ರ ಹಿಡಿದು ನಾಲ್ಕು ಮಾರು ದೂರ ನಿಂತೇ ನೋಡಿದರು. "ಬಣ್ಣ ಫಸ್ಟ್ ಕ್ಲಾಸಾಗಿದೆಯಲ್ಲಯ್ಯಾ! ಇವತ್ತೇ ಕಳಿಸಿಬಿಡೋಣ. ಜೀಪು ಹೇಗೂ ಬಳ್ಳಾರಿಗೇ ಹೋಗುತ್ತೆ."

ಜೀಪಿನ ಡ್ರೈವರ್ ಡ್ರಮ್ಮಿನ ಹತ್ತಿರ ಬಂದು ನಿಂತಿದ್ದ. "ಸಾಬ್, ಒಂದ್ ಸಣ್ಣದು ಕೊಡ್ರಿ. ಮುಂಜಾನಿಂದ ಹೊಟ್ಟಿಗೇನಿಲ್ಲ."

"ಹೋಟೆಲಿಗೆ ಹೋಗೋ ಮಾಲು, ಮುರೀಬಾರದಪ್ಪಾ," ಎಂದೆ.

ಆ ಹೊತ್ತು ಡ್ರಮ್ಮಿನ ಸುತ್ತ ನಿಂತಿದ್ದವರಲ್ಲಿ ಮೀನು ತಿನ್ನಬಹುದಾಗಿದ್ದ ಬಾಯಿ ಅದೊಂದೇ. ಸಾಹೇಬರು ತಿನ್ನುವವರಲ್ಲ, ನಾನು ತಿನ್ನುವವನಲ್ಲ, ಕೇರಿಗೆಲ್ಲ ಸೋಮವಾರ. ಆ ಬಾಯಿಯನ್ನು ನಾನೇ ಮುಚ್ಚಿಸಿದೆ.

ಮೀನು ಬುಟ್ಟಿ ತುಂಬಿತು. ಅಜ್ಜಿ ಕೈಕಟ್ಟಿ ಕೂತಿದ್ದಳು.

"ಅರಿವಿ ಕಟ್ಟು ಯಮ್ಮಾ."

"ರುಚಿ ನೋಡದ ಹೆಂಗ ಕಟ್ಟಲಿ? ನಾಳೆ ಮುಂಜಾನೆ ಕಟ್ಟತೀನಿ. ಮೊದಲ ಬಸ್ಸಿಗೆ ಹಾಕು."

"ಜೀಪು ನಿಂತೈತಿ."

"ನಿಂತಿದ್ರ ಹೋಗಲಿ."

ಸಾಹೇಬರು ಗಡಿಯಾರ ನೋಡಿಕೊಂಡರು. ಗೋಡೆಯ ಗೂಟಕ್ಕೆ ಅರಿವೆಯ ಚೂರುಗಳು ನೇತಾಡುತ್ತಿದ್ದವು. ನಾನು ಒಂದನ್ನು ತೆಗೆದು ಬುಟ್ಟಿಯ ಹಿಡಿಗೆ ಕಟ್ಟಿದೆ. ಎರಡು ಗಂಟು. ಅಜ್ಜಿ ನನ್ನ ಕೈಯನ್ನೇ ನೋಡುತ್ತಿದ್ದಳು. ಸಾಹೇಬರ ಎದುರಿಗೆ ನನ್ನ ಮರ್ಯಾದೆ ತೆಗೆಯಬಾರದೆಂದು ಸುಮ್ಮನಿದ್ದಳೆಂದು ಈಗ ಅನಿಸುತ್ತದೆ. ಅವತ್ತು ಅದೂ ಹೊಳೆಯಲಿಲ್ಲ.

ಮಂಗಳವಾರ ಹೊತ್ತು ಏರುವ ಮೊದಲೇ ಅಜ್ಜಿ ಸಿರುಗುಪ್ಪದ ನನ್ನ ಬಾಡಿಗೆ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ತಗಡಿನ ಮೇಲೆ ಬಿದ್ದು ಉಳಿದಿದ್ದ ಒಂದು ಗೆಂಡೆಮೀನನ್ನು ಸ್ನಾನ ಮಾಡಿದವಳೇ ಬಾಯಿಗೆ ಹಾಕಿ ನೋಡಿದ್ದಾಳೆ.

"ನಡಿ, ಬಸ್ಸಿಗೆ ನಡಿ," ಎಂದಳು. "ಅದು ಮೀನಲ್ಲ, ಬರೇ ಕಹಿ. ನಾಲಗಿ ಇನ್ನೂ ಜುಮು ಜುಮು ಅನ್ನಾಕ ಹತ್ತೈತಿ."

ಬಸ್ಸು ಅವತ್ತು ಪ್ರತಿ ಮರದ ಕೆಳಗೂ ನಿಂತಿತು. ಬಳ್ಳಾರಿಗೆ ಹೋಗಿ, ಹೋಟೆಲು ಮುಟ್ಟುವ ಹೊತ್ತಿಗೆ ಊಟದ ಸಮಯ ಆಗಿಹೋಗಿತ್ತು. ಹೊರಗೆ ಲಾರಿಗಳಿದ್ದವು, ಒಳಗೆ ತಟ್ಟೆಗಳಿದ್ದವು, ಮೀನು ಹಾಗೇ ಉಳಿದಿತ್ತು. ಒಬ್ಬ ಡ್ರೈವರ್ ಗೋಡೆಗೆ ಕೈಕೊಟ್ಟು ಬಾಗಿ ಚರಂಡಿಗೆ ಕಾರುತ್ತಿದ್ದ. ಇನ್ನೊಬ್ಬ ಬೆಂಚಿನ ಮೇಲೆ ಮಲಗಿ ಮಜ್ಜಿಗೆ ಕುಡಿಯುತ್ತಿದ್ದ. ಅದಕ್ಕಿಂತ ಕೆಟ್ಟದ್ದೇನೂ ಆಗಲಿಲ್ಲ. ಸಂಜೆಗೆ ಇಬ್ಬರೂ ಎದ್ದು ಲಾರಿ ಹತ್ತಿ ಹೋದರು. ವಿಷದ ಔಷಧವೇ ಕಾರಣವೋ, ಆ ಕಟ್ಟಿಗೆಯ ತೊಗಟೆಯ ಗುಣವೋ, ಯಾರೂ ಪರೀಕ್ಷೆ ಮಾಡಿಸಲಿಲ್ಲ.

ಮಾಲೀಕ ತೆಲುಗು ಬೆರೆಸಿ ಮಾತಾಡುವವನು, ಸದಾ ನಗುವವನಂತೆ. ಅವತ್ತು ನಗಲಿಲ್ಲ. ಒಂದು ತಟ್ಟೆಯನ್ನು ನನ್ನ ಮುಂದೆ ತಳ್ಳಿದ.

"ತಿನಂಡಿ ಸಾರ್. ನಿಮ್ಮ ಡ್ರಮ್ಮಿನ ಮಾಲು. ತಿಂದು ಹೇಳ್ರಿ."

ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ನನ್ನ ಜೀವನದಲ್ಲಿ ನಾನು ತಿಂದ ಮೊದಲ ಮೀನು ಅದು. ಬೇವಿನ ಕಷಾಯಕ್ಕೆ ಸೀಮೆಎಣ್ಣೆ ಬೆರೆಸಿದ ಹಾಗೆ, ನಾಲಗೆಯ ಬುಡಕ್ಕೆ ಹೋಗಿ ಕೂತಿತು.

ಮಾಲೀಕ ಕೆಂಪು ಅರಿವೆಯ ಚೂರನ್ನು ಬಿಚ್ಚಿ ಅಜ್ಜಿಯ ಮುಂದೆ ಹಿಡಿದ. "ಅವ್ವಾ, ಇದನ್ನ ನೋಡಿ ಬಡಿಸೀನಿ ನಾನು. ಇದನ್ನ ಯಾರು ಕಟ್ಟಿದ್ದು?"

ನಾನು ಎಂದು ಹೇಳಲು ಬಾಯಿ ತೆರೆದೆ. ತೆರೆದದ್ದು ನಿಜ. ಆದರೆ ನನಗಿಂತ ಮೊದಲು ಆಕೆಯ ಮಾತು ಬಂತು.

"ನಾನ ಕಟ್ಟಿದ್ನಪಾ. ಸೋಮವಾರ ಅಂತ ರುಚಿ ನೋಡಲಿಲ್ಲ. ನಂದ ತಪ್ಪು."

ನಾನು ಬಾಯಿ ಮುಚ್ಚಿದೆ.

ಮಾಲೀಕ ಅರಿವೆಯ ಚೂರನ್ನು ಮಡಚಿ ಅಜ್ಜಿಯ ಕೈಗಿಟ್ಟ. "ನಿನ್ನ ಬುಟ್ಟಿ ಇನ್ನ ಬ್ಯಾಡ ಅವ್ವಾ," ಎಂದ. ಬೈಯಲಿಲ್ಲ. ಬೈದಿದ್ದರೆ ನಮ್ಮ ಮೂವರಿಗೂ ಹಗುರವಾಗುತ್ತಿತ್ತು. ಉಳಿದ ಮೀನನ್ನೆಲ್ಲ ಬುಟ್ಟಿಗೇ ತುಂಬಿಸಿ ಕೊಟ್ಟ. ಎಲೆಯ ಕಟ್ಟು ಇರುತ್ತಿದ್ದ ಬುಟ್ಟಿಯನ್ನು ನಾನೇ ಹೊತ್ತು ತಂದು ಬಸ್ಸಿನ ಮೇಲೆ ಏರಿಸಿದೆ.

ಬಸ್ಸಿನಲ್ಲಿ ಕೇಳಿದೆ, "ಯಾಕ ಹಂಗಂದಿ ಯಮ್ಮಾ? ಕಟ್ಟಿದಾವ ನಾನಲ್ಲ?"

ಆಕೆ ಕಿಟಕಿಯ ಕಡೆ ನೋಡುತ್ತಿದ್ದಳು. "ಅರಿವಿ ಯಾರ್ ಬೇಕಾರ ಕಟ್ಟತಾರಂತ ಗೊತ್ತಾದ್ರ ನಮ್ಮ ಕೇರಿ ಬುಟ್ಟಿ ಯಾರೂ ನಂಬಂಗಿಲ್ಲ. ಮುದುಕಿ ತಪ್ಪಿದ್ಲು ಅಂದ್ರ ಮುದುಕಿ ಒಬ್ಬಾಕಿ ಹೋಗತಾಳ." ಸ್ವಲ್ಪ ಹೊತ್ತಿನ ಮೇಲೆ, "ನಿನ್ನ ನೌಕರೀನೂ ಹೊಸಾದು," ಎಂದಳು.

ಆ ಮಳೆಗಾಲ ಕೇರಿಯ ಮೀನು ಮತ್ತೆ ಹೊಳೆಗೇ ಹೋಯಿತು. ನಾನು ಬರೆದ ವರದಿಯಲ್ಲಿ, ಸ್ಥಳೀಯ ಮಹಿಳೆಯೊಬ್ಬರು ರುಚಿ ಪರೀಕ್ಷಿಸದೆ ಮಾಲು ಕಳಿಸಿದ್ದರಿಂದ ಪ್ರಯೋಗ ವಿಫಲವಾಯಿತೆಂಬ ಒಂದು ಸಾಲಿದೆ. ಕೈಬರಹ ನನ್ನದೇ. ಮುಂದಿನ ವರ್ಷ ಕೇರಿಯ ಬೇರೆ ಹೆಂಗಸರು ಅದೇ ಡ್ರಮ್ಮಿನಲ್ಲಿ, ಜಾಲಿ ಇದ್ದಿಲು ಹಾಕಿ ಮಾಡಿ ಕಳಿಸತೊಡಗಿದರು. ಮಾಲೀಕ ತೆಗೆದುಕೊಂಡ. ಪ್ರತಿ ಬುಟ್ಟಿಯನ್ನೂ ತಾನೇ ರುಚಿ ನೋಡಿ ಒಳಗೆ ಬಿಡುತ್ತಿದ್ದನಂತೆ. ಆಕೆಯ ಲೆಕ್ಕ ಸರಿಯಾಗಿತ್ತು. ಹೋದವಳು ಆಕೆಯೊಬ್ಬಳೇ.

ನನಗೆ ವರ್ಗವಾದಾಗ ಹೇಳಿಹೋಗಲೆಂದು ಕೇರಿಗೆ ಹೋದೆ. ಅಜ್ಜಿ ಹಿತ್ತಲಿನಲ್ಲಿ, ಅದೇ ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದಳು. ತಡಿಕೆಯ ಮೇಲೆ ಮನೆಗಾಗುವಷ್ಟು ನಾಲ್ಕು ಮೀನು. ಆಕೆಯ ಬುಟ್ಟಿ ಗೂಟಕ್ಕೆ ನೇತಾಡುತ್ತಿತ್ತು, ಅದರಲ್ಲಿ ಉಳ್ಳಾಗಡ್ಡಿ ಇತ್ತು. ಹಿಡಿಗೆ ಅರಿವೆ ಇರಲಿಲ್ಲ.

ಒಂದು ಮೀನು ಇಳಿಸಿ, ಬಾಲದ ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ಹೂಂ" ಎಂದಳು. ಇನ್ನೊಂದು ಚೂರು ಮುರಿದು ನನ್ನ ಕಡೆ ಚಾಚಿದಳು. ಇಸಿದುಕೊಂಡು ತಿಂದೆ.

"ಒಲಿಗೆ ಏನ್ ಹಾಕೀನಿ, ಹೇಳು ನೋಡೂಣು?"

"ಕಬ್ಬಿನ ಸಿಪ್ಪಿ," ಎಂದೆ. ಇನ್ನೂ ಸ್ವಲ್ಪ ಅಗಿದು, "ಕೆಳಗ ಜಾಲಿ ಇದ್ದಲಿ. ಪೂರಾ ಬೆಂದದ್ದು."

"ಈಗ ಕಲತಿ," ಎಂದಳು. ಅದರಲ್ಲಿ ಅಣಕವಿರಲಿಲ್ಲ.

ಆಕೆಗೆ ಹೇಳಬೇಕೆಂದೇ ಹೋಗಿದ್ದ ಮಾತೊಂದಿತ್ತು. ಹೋಟೆಲಿನಲ್ಲಿ ಹೇಳಬೇಕಾಗಿದ್ದದ್ದು, ವರದಿಯಲ್ಲಿ ಬರೆಯಬೇಕಾಗಿದ್ದದ್ದು. ದಾರಿಯುದ್ದಕ್ಕೂ ಅದನ್ನೇ ಜೋಡಿಸಿಕೊಂಡು ಬಂದಿದ್ದೆ. "ಬಸ್ಸಿಗೆ ಹೊತ್ತಾಗತೈತಿ, ಹೋಗಿ ಬಾ ಯಪ್ಪಾ," ಎಂದಳು. ಕೈಮುಗಿದು ಹೊರಟುಬಿಟ್ಟೆ.

ಬಳ್ಳಾರಿ ಮುಟ್ಟುವವರೆಗೂ ಆ ರುಚಿ ಬಾಯಲ್ಲಿತ್ತು.